ಹತ್ತಿಗಂಟಿನೊಳಗಿನ ಸಪ್ಪಳ

ಬಾಳಾಸಾಹೇಬರ ಜಪಾನಿ ಆಟಿಕೆ ಕಳುವಾಗಿತ್ತು!

೧೯೮೪ರ ಮಾತು. ಅಂಗೈಯಗಲದ ಆ ಡಬ್ಬಿಯನ್ನು ಅವರು ಮುಂಬಯಿಯಿಂದ ತರಿಸಿದ್ದರು. ಗುಂಡಿ ಒತ್ತಿದಂತೆ ಗಾಜಿನೊಳಗಿನ ಕಪ್ಪು ಗೊಂಬೆ ಓಡಾಡಿ, ಮೇಲಿಂದ ಬೀಳುವ ಹಣ್ಣುಗಳನ್ನು ಬುಟ್ಟಿಗೆ ಹಿಡಿಯಬೇಕು. ಆಡದಿದ್ದಾಗ ಅದೇ ಗಡಿಯಾರ. ಹಣ್ಣು ಸಿಕ್ಕಾಗಲೂ, ಗಂಟೆಗೊಮ್ಮೆಯೂ ‘ಟಿಂವ್’ ಎನ್ನುತ್ತಿತ್ತು. ಇಚಲಕರಂಜಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಮಗ್ಗದ ಶೆಡ್ಡಿನ ಧಣಿ, ಮೊಮ್ಮಕ್ಕಳನ್ನು ಕಂಡವರು, ಊಟ ಬಿಟ್ಟು ಗೊಂಬೆ ಕುಣಿಸುತ್ತ ಕೂತುಬಿಟ್ಟಿದ್ದರು!

ಆದರೆ ಆ ಬೆಳಿಗ್ಗೆ ಅವರ ಮನೆಯಲ್ಲಿ ಯಾರ ಮುಖದಲ್ಲೂ ನಗುವಿರಲಿಲ್ಲ. ಅಂದು ಕರೆಂಟಿನ ವಾರದ ರಜೆ. ಹಗಲಿರುಳೂ ಖಟಖಟ ಎನ್ನುವ ಮಗ್ಗಗಳೆಲ್ಲ ನಿಂತಿದ್ದವು. ಆ ಮೌನವೇ ನನಗೆ ಒಂದು ಬಗೆಯ ಭಯ ಹುಟ್ಟಿಸಿತು. ನಿವೃತ್ತ ಪೊಲೀಸ್ ಜಮಾದಾರ ಶ್ರೀಪಾಲರನ್ನು ಪಕ್ಕದ ಕೊರೋಚಿಯಿಂದ ಲೂನಾ ಮೊಪೆಡ್ಡಿನ ಮೇಲೆ ಕರೆತಂದವನು ನಾನು. ಅವರ ನೆರೆಮನೆಯವನಾದ ತಪ್ಪಿಗೆ ಎಲ್ಲ ಪತ್ತೇದಾರಿಗೂ ನಾನೇ ಸಾರಥಿ.

ಪಡಸಾಲೆಯ ನೆಲದ ಮೇಲೆ ಚೆನ್ನವ್ವ ಬಿಕ್ಕುತ್ತ ಕೂತಿದ್ದಳು. ಆ ಮನೆಯ ಕಸ ಗುಡಿಸಿ, ಹಗಲೆಲ್ಲ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತುವವಳು. ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಯಲಗೂರಪ್ಪ ಬಾಳಾಸಾಹೇಬರದೇ ಶೆಡ್ಡಿನಲ್ಲಿ ನೇಕಾರ. ಇಬ್ಬರೂ ಬಾಡಿಗೆಗೆ ಇದ್ದದ್ದು ಅವರದೇ ಒಂದು ಖೋಲಿಯಲ್ಲಿ.

“ಮಧ್ಯಾಹ್ನದೊಳಗ ಸಿಗಲಿಲ್ಲಂದ್ರ ಪೊಲೀಸರನ್ನ ಕರಸ್ತೇನಿ,” ಬಾಳಾಸಾಹೇಬರು ಗುಡುಗಿದರು. “ಖೋಲಿನೂ ಖಾಲಿ ಮಾಡಬೇಕು!”

“ದೇವರಾಣಿ ನಾ ಮುಟ್ಟಿಲ್ರಿ! ನಮ್ಮನ್ನ ಬೀದಿಗೆ ಹಾಕಬ್ಯಾಡ್ರಿ—”

ಶ್ರೀಪಾಲರು ಕೈಯೆತ್ತಿದರು. “ಕಡೀಕ ನೋಡಿದ್ದು ಯಾವಾಗ?”

“ನಸುಕಿನ್ಯಾಗ ಇಲ್ಲೇ ಆಡಿ, ಈ ಗೂಡಿನ್ಯಾಗ ಇಟ್ಟು ಸ್ನಾನಕ್ಕ ಹೋದೆ. ಬರೂದ್ರೊಳಗ ಇಲ್ಲ!”

“ಅಷ್ಟರಾಗ ಇಲ್ಲಿಗೆ ಬಂದವರು?”

“ಚೆನ್ನವ್ವ. ಮತ್ತ ನಮ್ಮ ಜಾಬರ್ ಗಣಪತ, ಮಗ್ಗ ರಿಪೇರಿ ಮಾಡಾಂವ. ಅವನ ಮ್ಯಾಲೆ ಸಂಶಯ ಬ್ಯಾಡ್ರಿ. ಕೆಟ್ಟ ಮಗ್ಗದ ರೋಗ ಬರೇ ಸಪ್ಪಳ ಕೇಳಿ ಹೇಳ್ತಾನ. ಭಾಳ ವರ್ಷದ ಮನಷ್ಯಾ!”

ಗಣಪತ ಮುಂದೆ ಬಂದ. ನರೆತ ಮೀಸೆ, ಎಣ್ಣೆ ಹತ್ತಿದ ಕೈ.

“ನೀವು ಏನು ನೋಡಿದ್ರಿ?”

“ನೋಡಿಲ್ರಿ, ಕೇಳೇನಿ! ಈಕಿ ಹತ್ತಿ ವೇಸ್ಟಿನ ಗಂಟು ಹೊತ್ತು ನನ್ನ ಮುಂದ ಹಾಯ್ದ್ಳು. ಗಂಟಿನೊಳಗ ‘ಟಿಂವ್’ ಅಂತು!”

“ಖರೇ ಕೇಳಿಸ್ತೇನು?”

“ನನ್ನ ಕಿವಿ ಸುಳ್ಳ ಹೇಳೂದಿಲ್ರಿ.”

ಚೆನ್ನವ್ವ ಎದೆ ಬಡಿದುಕೊಂಡಳು. “ಕಾಕಾ, ಯಾಕ ಹಿಂಗ ಅಂತೀರಿ? ಗಂಟ ಬಿಚ್ಚಿ ನೋಡಿದ್ರಲ್ಲ, ಏನೂ ಇರಲಿಲ್ಲ!”

“ಅಷ್ಟರಾಗ ಬ್ಯಾರೆ ಕಡೆ ಇಟ್ಟಿರ್ತಿ,” ಎಂದ ಗಣಪತ.

ಶ್ರೀಪಾಲರು ಕಿಟಕಿಯತ್ತ ಹೋಗಿ, ಹೊರಗೆ ನೋಡುತ್ತಲೇ ಕೇಳಿದರು: “ಗಣಪತ, ನಿಮ್ಮ ಊರು ಯಾವುದು?”

ಉತ್ತರವಿಲ್ಲ. ಊರು ಕೇಳುತ್ತಿದ್ದಾರೆಂದು ನಾನು ಅವನ ಎದುರು ನಿಂತು ಹೇಳಿದ ಮೇಲೆ, “ಶಿರೋಳ್ರಿ,” ಎಂದ. ಮನುಷ್ಯ ಗಾಬರಿಯಲ್ಲಿದ್ದಾನೆ ಅಂದುಕೊಂಡೆ.

“ಛಲೋ. ಏನಾತಂತ ಧಣ್ಯಾರಿಗೆ ಮತ್ತೊಮ್ಮೆ ಹೇಳ್ರಿ,” ಎಂದರು ಶ್ರೀಪಾಲರು, ಅವನ ಎದುರಿಗೆ ಬಂದು.

ಗಣಪತ ಬಾಳಾಸಾಹೇಬರ ಕಡೆ ತಿರುಗಿ ಶುರುಮಾಡಿದ. ಶ್ರೀಪಾಲರು ಅವನ ಬೆನ್ನ ಹಿಂದೆ ನಿಂತರು. ಆಗಲೇ— ‘ಟಿಂವ್!’

ಚೆನ್ನವ್ವನ ಅಳು ಗಕ್ಕನೆ ನಿಂತಿತು. ಬಾಳಾಸಾಹೇಬರು ಕುರ್ಚಿಯಿಂದ ಜಿಗಿದೆದ್ದರು. “ಅದೇ! ಎಲ್ಲೈತಿ?”

“ನನ್ನ ಗಡಿಯಾರ್ರಿ,” ಎಂದು ಶ್ರೀಪಾಲರು ಮಣಿಕಟ್ಟು ತೋರಿಸಿದರು; ಬೆರಳು ಇನ್ನೂ ಅದರ ಗುಂಡಿಯ ಮೇಲಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬ ಹೆಣ್ಣುಮಗಳ ಮಾನ ಹೋಗುತ್ತಿರುವಾಗ ಈ ಮುದುಕನಿಗೆ ಅಳಿಯ ಕೊಟ್ಟ ಎಲೆಕ್ಟ್ರಾನಿಕ್ ವಾಚಿನ ಜಂಬವೆ? ಗಣಪತ ಮಾತು ನಿಲ್ಲಿಸಿ, ಧಣಿ ಯಾಕೆ ಎದ್ದರೆಂದು ಪಿಳಿಪಿಳಿ ನೋಡುತ್ತಿದ್ದ. ಯಲಗೂರಪ್ಪ ಮಾತ್ರ ಬಾಗಿಲಿಗೆ ಒರಗಿ ತಲೆ ತಗ್ಗಿಸಿಕೊಂಡೇ ಇದ್ದ.

ಶ್ರೀಪಾಲರು ಗಣಪತನ ಭುಜ ಹಿಡಿದು ತಮ್ಮತ್ತ ತಿರುಗಿಸಿಕೊಂಡರು. “ಈಗ ಏನು ಸಪ್ಪಳ ಆತು, ಹೇಳ್ರಿ.”

“ಸಪ್ಪಳ? ಯಾವ... ಧಣ್ಯಾರು ಎದ್ರಲ್ಲ, ಕುರ್ಚಿದು!”

“ಬೆನ್ನ ಹಿಂದ ಗೇಣು ದೂರದಾಗ ಗಡಿಯಾರ ಕೂಗಿದ್ದು ಕೇಳಿಸಲಿಲ್ಲ. ಹತ್ತಿಗಂಟಿನೊಳಗಿಂದು ಹೆಂಗ ಕೇಳಿಸ್ತು?”

ಶ್ರೀಪಾಲರು ಧಣಿಯತ್ತ ತಿರುಗಿದರು.

“ಬಾಳಾಸಾಹೇಬ್ರ, ಮಗ್ಗದ ಗದ್ದಲದಾಗ ವರ್ಷಾನುಗಟ್ಟಲೆ ದುಡಿದ ಕಿವಿಗೆ ಮೊದಲು ಸಣ್ಣ, ಚೂಪು ಸಪ್ಪಳ ಹೋಗ್ತಾವ. ಈ ಮನಷ್ಯಾ ತುಟಿ ನೋಡಿ ಮಾತಾಡ್ತಾನ. ನಾ ಕಿಟಕಿ ಕಡೆ ತಿರುಗಿ ಕೇಳಿದಾಗ ಉತ್ತರ ಬರಲಿಲ್ಲ. ಕೇಳಿಸದ ಸಪ್ಪಳ ಕೇಳೇನಿ ಅಂತ ಯಾರು ಸುಳ್ಳು ಹೇಳ್ತಾರ? ಆಟಿಗಿ ಕದ್ದಾಂವ, ಈ ಗಣಪತ!”

ಗಣಪತ ಕುಸಿದು ಕೂತ. “ಹೌದ್ರಿ,” ಎಂದ. “ಸೈಕಲ್ಲಿನ ಮ್ಯಾಲೆ ಪಾನಾ, ಹತ್ಯಾರ ಇಡೂ ಚೀಲದಾಗ ಐತಿ. ಮಾರಾಕ ಒಯ್ದಿಲ್ರಿ. ಧಣ್ಯಾರು ಅದನ್ನ ಒಬ್ಬೊಬ್ಬರ ಕಿವಿಗೂ ಹಿಡದು, ಕೇಳಿಸ್ತೇನು ಅಂತ ನಗತಿದ್ರು. ಎಲ್ಲಾರೂ ನಕ್ಕ ಮ್ಯಾಲೆ ನಾನೂ ನಗತಿದ್ದೆ. ಕಿವೀ ಮ್ಯಾಲೆ ಬದುಕಿದಾಂವ ನಾನು. ಈಗ ಮಗ್ಗಕ್ಕ ಅಂಗೈ ಇಟ್ಟು ರೋಗ ಹಿಡೀತೇನಿ. ಆ ಆಟಿಗಿ ಇದ್ರ, ಕಿವುಡ ಅಂತ ಇವತ್ತಲ್ಲ ನಾಳೆ ಸಿಕ್ಕಬೀಳ್ತಿದ್ದೆ.”

“ನಿಮ್ಮ ಹೊಟ್ಟಿ ಉಳಿಸಾಕ ನನ್ನನ್ನ ಕಳ್ಳಿ ಮಾಡಿದ್ರೇನು?” ಚೆನ್ನವ್ವ ಕೂಗಿದಳು. ಗಣಪತ ಅವಳ ತುಟಿಗಳನ್ನು ನೋಡಿ ಮುಖ ಮುಚ್ಚಿಕೊಂಡ. ಅವನ ಮೇಲೆ ನನಗೆ ಸಿಟ್ಟೂ ಬಂತು, ಮರುಕವೂ ಹುಟ್ಟಿತು.

ಬಾಳಾಸಾಹೇಬರಿಗೆ ಅದೇನೂ ಆದಂತೆ ಕಾಣಲಿಲ್ಲ. ಚೀಲದಿಂದ ಡಬ್ಬಿ ತರಿಸಿ, ಧೋತರದ ಅಂಚಿನಿಂದ ಎಣ್ಣೆ ಒರೆಸಿದರು. “ನಾಳಿಂದ ಬರಬ್ಯಾಡ, ಗಣಪತ. ಕಿವಿ ಹೋದವರು ಯಾರೂ ನನ್ನ ಶೆಡ್ಡಿನ್ಯಾಗ ಬ್ಯಾಡ. ಚೆನ್ನವ್ವ, ನೀ ಹೋಗವಾ, ಖೋಲಿ ನಿಂದೇ.” ಹಣ್ಣುಗಳು ಬೀಳತೊಡಗಿದವು. ಟಿಂವ್, ಟಿಂವ್.

ಚೆನ್ನವ್ವ ಕಣ್ಣೊರೆಸಿಕೊಂಡು ಶ್ರೀಪಾಲರ ಕಾಲಿಗೆ ಬಿದ್ದಳು. ಮನಸ್ಸು ಹಗುರಾಗಿ ನಾನು ಲೂನಾದ ಕೀಲಿ ತೆಗೆದೆ. ಅವಳು ಗಂಡನ ಕೈ ಹಿಡಿದು ಹೊಸ್ತಿಲು ದಾಟುವಾಗ ನಾನು ಬೆನ್ನಿಗೇ ಇದ್ದೆ.

ಯಲಗೂರಪ್ಪ ಅವಳತ್ತ ಬಾಗಿ ಕೇಳಿದ: “ಗಡಿಯಾರ ಕೂಗ್ತು ಅಂದ್ರಲ್ಲ, ಯಾವಾಗ ಕೂಗ್ತು? ನಾನೂ ಇಲ್ಲೇ ಇದ್ನಲ್ಲ?”

ಚೆನ್ನವ್ವ ಗಪ್ಪನೆ ಅವನ ಬಾಯಿಗೆ ಅಂಗೈ ಒತ್ತಿದಳು. ಬಾಳಾಸಾಹೇಬರು ಕೇಳಿಸಿಕೊಂಡರೇನೋ ಎಂದು ಹಿಂದಿರುಗಿ ನೋಡಿದಳು.