ಏಳನೇ ಭಾಗದ ಸೇತುವೆ

"ನಿಮ್ಮಮ್ಮ ಏನು ಕಣ್ಣು ಮುಚ್ಕೊಂಡು ಚೆಕ್ ಮಾಡಿದ್ರೇನೇ?"

ಉದ್ದಣ್ಣ ಬ್ಯಾಗನ್ನು ಬೆಂಚಿನ ಮೇಲೆ ಧೊಪ್ಪನೆ ಎಸೆದ. ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ ಅವನೇ, ಅದಕ್ಕೇ ಆ ಹೆಸರು. ಇವತ್ತು ಅವನ ಕಣ್ಣು ಕೆಂಪಗಿತ್ತು.

"ಏನಾಯ್ತೋ?" ಎಂದಳು ಬುಗುರಿ. ನಿಂತಲ್ಲಿ ನಿಲ್ಲದ ಹುಡುಗಿ, ಅದಕ್ಕೇ ಮನೆಯಲ್ಲೂ ಸ್ಕೂಲಲ್ಲೂ ಅವಳು ಬುಗುರಿ. ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲೇ ನಿಂತಿರುತ್ತದೆ.

"ಮೊದಲ್ನೇ ಸಲ ನನ್ನ ತಂಗಿ ಕೈಗೆ ಆಟ ಕೊಟ್ಟಿದ್ದೆ. ಕಬ್ಬಿಣದ ಸೇತುವೆ ಮೇಲೆ ಹಿಂದಕ್ಕೆ ತಿರುಗಿದ್ಲು ಅಷ್ಟೇ, ನೆಲದೊಳಗೆ ಬಿದ್ದು ಎಲ್ಲಾ ಅಳಿಸಿಹೋಯ್ತು! ರಜಾ ಪೂರ್ತಿ ಕೂತು ಆಡಿದ್ದೆ ಕಣೇ. ಸಿಟ್ಟು ಬಂದು ಅವಳಿಗೆ ಎರಡು ಬಾರಿಸಿಬಿಟ್ಟೆ."

ಆಟದ ಹೆಸರು 'ಪಾಳುಕೋಟೆ'. ಅದರ ಆರು ಭಾಗಗಳನ್ನೂ ಇಡೀ ಕ್ಲಾಸು ಆಡಿ ಮುಗಿಸಿತ್ತು. ಏಳನೆಯದಕ್ಕೆ ಎರಡು ವರ್ಷ ಕಾದರು. ಬಂದದ್ದೇನು? ಕೋಟೆ ಬೋಳು ಬೋಳು, ಶತ್ರುಗಳು ಗೋಡೆಗೆ ಮೂತಿ ಒತ್ತಿಕೊಂಡು ನಿಂತೇ ಇರುತ್ತಾರೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಗಿತ್ತು.

ಬುಗುರಿಯ ಅಮ್ಮನಿಗೆ ಆಟ ಆಡುವುದೇ ಕೆಲಸ. ಅಂಗಡಿಗೆ ಬರುವ ಮೊದಲೇ ಆಡಿ, ಎಲ್ಲೆಲ್ಲಿ ಕೆಟ್ಟಿದೆ ಎಂದು ಹುಡುಕಬೇಕು. ಮೊದಲ ಭಾಗದಿಂದಲೂ ಸೇತುವೆಗಳೆಲ್ಲ ಅಮ್ಮನ ಪಾಲು. ಬುಗುರಿ ಕ್ಲಾಸಿನಲ್ಲಿ ಇದನ್ನು ಹೇಳಿ ಜಂಬ ಕೊಚ್ಚಿಕೊಳ್ಳದ ದಿನವೇ ಇಲ್ಲ ಎನ್ನಿ.

"ನಮ್ಮಮ್ಮನ ಕಣ್ಣಿಂದ ಒಂದು ತಪ್ಪೂ ತಪ್ಪಿಸ್ಕೊಳ್ಳಲ್ಲ! ನಾನು ಆ ಸೇತುವೆ ಹತ್ತು ಸಲ ದಾಟಿದೀನಿ, ನಂಗೇನೂ ಆಗ್ಲಿಲ್ವಲ್ಲ? ನಿನ್ನ ತಂಗೀನೇ ಏನೋ ಒತ್ತಿ ಕೆಡಿಸಿದಾಳೆ. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ!"

ಎಲ್ಲರೂ ಹೋ ಎಂದು ನಕ್ಕರು. ಉದ್ದಣ್ಣ ಡೆಸ್ಕಿನ ಮೇಲೆ ತಲೆಯಿಟ್ಟ. ಬುಗುರಿಗೆ ಗೆದ್ದಷ್ಟು ಖುಷಿಯಾಯಿತು.

ಸಂಜೆ ಮನೆಗೆ ಬಂದರೆ ಬಾಗಿಲು ತೆರೆದೇ ಇತ್ತು. ಅಮ್ಮ ಇಷ್ಟು ಬೇಗ ಬರುವುದೇ ಇಲ್ಲ. ಮೇಜಿನ ಮೇಲೆ ಒಂದು ರಟ್ಟಿನ ಡಬ್ಬ. ಅದರಲ್ಲಿ ಅಮ್ಮನ ಆಫೀಸಿನ ಮಗ್ಗು, ಹೆಡ್‌ಫೋನು, ಬೆನ್ನಿಗಿಟ್ಟುಕೊಳ್ಳುವ ದಿಂಬು.

"ನಮ್ಮ ಟೀಮನ್ನೇ ತೆಗೆದುಬಿಟ್ರು ಮಗಳೇ, ಎಂಟೂ ಜನಾನ," ಎಂದಳು ಅಮ್ಮ. "ಜನ ಆಟಾನ ರಾಶಿ ರಾಶಿ ವಾಪಸ್ ಕೊಡ್ತಿದಾರಂತೆ. ಆ ಸೇತುವೆಯಿಂದ."

"ಸೇತುವೇಲಿ ಏನೂ ಇಲ್ಲಮ್ಮ! ನಾನೇ ದಾಟಿದೀನಿ!"

"ಹೇಗೆ ದಾಟಿದೆ?"

"ಓಡಿ."

"ಒಂದ್ಸಲನಾದ್ರೂ ಹಿಂದಕ್ಕೆ ತಿರುಗಿದ್ಯಾ?"

ಪಾಳುಕೋಟೆಯ ಸೇತುವೆ ಮೇಲೆ ಯಾರಾದರೂ ಹಿಂದಕ್ಕೆ ತಿರುಗುತ್ತಾರಾ? ಆರು ಭಾಗಗಳಲ್ಲೂ ಸೇತುವೆ ಬೆನ್ನ ಹಿಂದೆಯೇ ಕುಸಿಯುತ್ತ ಬರುತ್ತದೆ. ನಿಂತರೆ ಕತೆ ಮುಗಿಯಿತು.

"ಏಳರಲ್ಲಿ ಅದು ಕುಸಿಯಲ್ಲ, ಬದಲಾಯಿಸಿದ್ರು," ಎಂದಳು ಅಮ್ಮ. "ನಂಗೂ ಗೊತ್ತಿತ್ತು. ಆದ್ರೂ ಇನ್ನೂರು ಸಲ ದಾಟಿದ್ರೆ ಇನ್ನೂರು ಸಲಾನೂ ಓಡಿದೀನಿ. ಬೇಗ ಮುಗಿಸಿ ಅಂತ ಮೇಲಿನವರು ಪ್ರಾಣ ತಿಂದ್ರು, ಅದೂ ನಿಜ. ಆದ್ರೆ ಸೇತುವೆ ನನ್ನ ಪಾಲಿಗಿತ್ತಲ್ಲ."

ಬುಗುರಿ ಟಿವಿ ಹಾಕಿ ಆಟ ಶುರುಮಾಡಿದಳು. ತಿರುಗೇ ತಿರುಗುತ್ತೇನೆ ಎಂದುಕೊಂಡು ಸೇತುವೆ ಹತ್ತಿದಳು. ಹೆಬ್ಬೆರಳು ಕೇಳಬೇಕಲ್ಲ! ನೋಡುವಷ್ಟರಲ್ಲಿ ಆಚೆ ದಡದಲ್ಲಿದ್ದಳು. ಎರಡನೇ ಸಲವೂ ಅಷ್ಟೇ. ಅಮ್ಮ ಬಂದು ಪಕ್ಕದಲ್ಲಿ ಕುಳಿತಳು.

ಮೂರನೇ ಸಲ ಬುಗುರಿ ಉಸಿರು ಬಿಗಿಹಿಡಿದು ತಿರುಗಿದಳು.

ಸದ್ದೇ ಇಲ್ಲ. ಅವಳ ಯೋಧ ಕಬ್ಬಿಣದೊಳಗಿಂದ ಜಾರಿ, ಬೂದುಬಣ್ಣದ ಖಾಲಿ ಜಾಗದಲ್ಲಿ ಬೀಳುತ್ತಲೇ ಹೋದ. ಆಮೇಲೆ ಪರದೆಯ ಮೇಲೆ 'ಹೊಸ ಆಟ ಶುರುಮಾಡಿ' ಎಂದು ಬಂತು.

"ನಿನ್ನದೂ ಹೋಯ್ತಲ್ಲೇ," ಎಂದಳು ಅಮ್ಮ.

ಬುಗುರಿಗೆ ಆಟದ ಚಿಂತೆಯೇ ಬರಲಿಲ್ಲ. ಅವಳಿಗೆ ಭಾರೀ ನಾಚಿಕೆಯಾಗಿತ್ತು. ಅಮ್ಮನ ಫೋನ್ ತೆಗೆದುಕೊಂಡು ಉದ್ದಣ್ಣನ ಮನೆಗೆ ಕರೆ ಮಾಡಿದಳು.

"ನಿನ್ನ ತಂಗಿ ಏನೂ ಒತ್ತಿರಲಿಲ್ಲ ಕಣೋ. ನಾನೂ ಬಿದ್ದೆ. ನಮ್ಮಮ್ಮ ಅದನ್ನ ನೋಡಿರಲಿಲ್ಲ."

"ನಿಮ್ಮಮ್ಮಂಗೆ ಆಫೀಸಲ್ಲಿ ಬೈದ್ರಾ?"

"ಕೆಲಸದಿಂದಾನೇ ತೆಗೆದ್ರು. ನಿನ್ನ ತಂಗೀಗೆ ಫೋನ್ ಕೊಡೋ."

"ಏ ಚಿಕ್ಕಿ, ಬಾ ಇಲ್ಲಿ," ಎಂದು ಅವನು ಕರೆದದ್ದು ಕೇಳಿಸಿತು.

"ಬರಲ್ಲ. ನೀನು ಹೊಡೀತೀಯ," ಎಂದಿತು ದೂರದಿಂದ ಒಂದು ಸಣ್ಣ ದನಿ.

ಬುಗುರಿ ಫೋನ್ ಇಡಲಿಲ್ಲ. ಚಿಕ್ಕಿ ಬರುವ ತನಕ ಹಾಗೇ ಕಿವಿಗೆ ಹಿಡಿದುಕೊಂಡು ಕುಳಿತಳು.