ಹಕ್ಕಿಗೆ ಹತ್ತಿ ತುಂಬುವವನು

"ಇದನ್ನ ಕೊಂದಿದ್ದು ನೀವೇನಾ?"

ಚನ್ನಾಜಮ್ಮ ಅವನನ್ನು ಕೇಳಿದ ಮೊದಲ ಮಾತು ಇದು. ೧೯೬೪ನೇ ಇಸವಿ. ಅವಳು ಟೀಚರಾಗಿದ್ದ ಯಳಂದೂರಿನ ಶಾಲೆಗೆ, ಮೈಸೂರಿನ ಯೂನಿವರ್ಸಿಟಿ ಮ್ಯೂಸಿಯಮ್ಮಿನಿಂದ ಜಡೇಸ್ವಾಮಿ ಒಂದು ಮರದ ಪೆಟ್ಟಿಗೆ ತಂದಿದ್ದ. ಒಳಗೆ ಹತ್ತಿ ತುಂಬಿದ ಮಿಂಚುಳ್ಳಿ.

"ಇಲ್ಲ ಮೇಡಂ. ಕೆರೆ ಏರಿ ಮೇಲೆ ಸತ್ತು ಬಿದ್ದಿತ್ತು. ಮಕ್ಕಳು ಹತ್ರದಿಂದ ನೋಡ್ಲಿ ಅಂತ ಉಳಿಸ್ದೆ."

ಅವಳು ರೆಕ್ಕೆಯ ನೀಲಿ ನೋಡಿದಳು. ಅವನು ಅವಳನ್ನು ನೋಡಿದ.

ಆಮೇಲೆ ಅವನಿಗೆ ಯಳಂದೂರಿನಲ್ಲಿ ಕೆಲಸವೋ ಕೆಲಸ. ಒಂದು ಸಲ ಗೂಡು ಹುಡುಕಲು, ಒಂದು ಸಲ ಚಿಟ್ಟೆ ಹಿಡಿಯಲು.

"ಈ ಸಲ ಏನ್ರಿ ನೆಪ?"

"ನೆಪ ಮುಗಿದೋಯ್ತು ಕಣ್ರಿ. ಸುಮ್ನೆ ಬಂದೆ."

ಅವಳು ನಗು ಮುಚ್ಚಿಕೊಳ್ಳಲು ಬೋರ್ಡಿನತ್ತ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಅವಳ ಅಪ್ಪ ಶಿವರುದ್ರಸ್ವಾಮಿಗೆ ಹುಡುಗನ ಮೇಲೆ ತಕರಾರಿರಲಿಲ್ಲ. ತಕರಾರೆಲ್ಲ ಅವನ ಕೆಲಸದ ಮೇಲೆ.

"ದಿನಾ ಲಿಂಗಪೂಜೆ ಮಾಡೋ ಮನೆ ಕಣಪ್ಪ ಇದು. ಸತ್ತಿದ್ರ ಚರ್ಮ ಸುಲಿಯೋ ಕೈಗೆ ಎಂಗ್ ಮಗಳ್ನ ಕೊಡ್ಲಿ? ಆ ಕೆಲ್ಸ ಬುಡು, ಲಗ್ನ ಮಾಡ್ಕೊಡ್ತೀನಿ."

ಜಡೇಸ್ವಾಮಿ ಒಪ್ಪಿದ. ಕೊಳ್ಳೇಗಾಲದ ರೇಷ್ಮೆ ಅಂಗಡಿಯೊಂದರಲ್ಲಿ ಗುಮಾಸ್ತೆ ಕೆಲಸವನ್ನೂ ನೋಡಿಕೊಂಡ.

ಅವನು ರಾಜೀನಾಮೆ ಕೊಡುವ ವಾರ, ಅವಳು ಕ್ಲಾಸಿನ ಮಕ್ಕಳನ್ನು ಮ್ಯೂಸಿಯಮ್ಮಿಗೆ ಕರೆದೊಯ್ದಳು. ಆನೆಯ ತಲೆಬುರುಡೆಯ ಪಕ್ಕ ನಿಂತು ಅವನು ವಿವರಿಸುತ್ತಿದ್ದ. ಆನೆಯೆಂದರೆ ಹೊಲ ತುಳಿಯುವ ಭಯ ಮಾತ್ರ ಗೊತ್ತಿದ್ದ ಕಾಡಂಚಿನ ಮಕ್ಕಳು, ಒಬ್ಬೊಬ್ಬರಾಗಿ ಬಂದು ಅದರ ಹಲ್ಲಿನ ಮೇಲೆ ಅಂಗೈ ಇಟ್ಟರು. ಅವನ ಮುಖ ಅಷ್ಟು ಬೆಳಗಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಬಸ್ಸು ಹತ್ತಿ ಕೂತ ಮೇಲೆ, ಕಿಟಕಿಯಾಚೆ ನಿಂತಿದ್ದ ಅವನಿಗೆ ಹೇಳಿದಳು, "ಕೆಲಸ ಬಿಡಬೇಡಿ."

"ಹಂಗಾದ್ರೆ ನೀವು?"

"ಇದನ್ನ ನಿಮ್ಮಿಂದ ಕಿತ್ಕೊಂಡು ನಿಮ್ ಜೊತೆ ಹೆಂಗೆ ಬಾಳ್ಲಿ? ಅಪ್ಪನ ಮಾತು ಮೀರೋ ಧೈರ್ಯಾನೂ ನಂಗಿಲ್ಲ."

ಅವನು ಕಿಟಕಿಯ ಸರಳು ಹಿಡಿದು ನಿಂತೇ ಇದ್ದ. ಬಸ್ಸು ಹೊರಟಾಗ ಅವನ ಬೆರಳುಗಳನ್ನು ಅವಳೇ ಬಿಡಿಸಿದಳು.

ಮಾರನೇ ವರ್ಷ ಸತ್ತೇಗಾಲಕ್ಕೆ ಸೊಸೆಯಾಗಿ ಹೋದಳು. ಗಂಡ ಒಳ್ಳೆಯವನೇ. ಅಲ್ಲಿನ ಶಾಲೆಯಲ್ಲೂ ಟೀಚರಾಗಿ, ಮಕ್ಕಳನ್ನು ಪ್ರತಿ ವರ್ಷ ಬೇರೆ ಟೀಚರ್ ಜೊತೆ ಮ್ಯೂಸಿಯಮ್ಮಿಗೆ ಕಳಿಸುತ್ತಿದ್ದಳು. ತಾನು ಮಾತ್ರ ಹೋಗಲಿಲ್ಲ. ಬಂದ ಮಕ್ಕಳಿಗೆ ಕಂಡದ್ದನ್ನು ಬರೆಯಲು ಹೇಳಿ, ಎಲ್ಲರ ನೋಟ್‌ಬುಕ್ಕನ್ನೂ ಒಂದು ಸಾಲು ಬಿಡದೆ ಓದುತ್ತಿದ್ದಳು.

ಹನ್ನೆರಡನೇ ವರ್ಷ ರಾಚಮ್ಮ ಎಂಬ ಹುಡುಗಿ ಬರೆದಿದ್ದಳು: "ಅಲ್ಲಿನ ಸಾರ್‌ಗೆ ತಲೆ ನರೆತಿದೆ. ನಿಮ್ಮನ್ನು ಕಳಿಸಿದ ಮೇಡಂ ಹೆಸರೇನು ಅಂದರು. ನಾನು ಜೋರಾಗಿಯೇ ಹೇಳಿದೆ. ಇನ್ನೊಂದು ಸಲ ಹೇಳಮ್ಮ ಅಂದರು."