ಇಬ್ಬರ ತೂಕದ ಕಾರು

"ಮೊದಲು ನೀನು ತೂಕದ ಮಷೀನ್ ಮೇಲೆ ಹತ್ತು," ಎಂದಳು ಒರ್ನೆಲಾ.

ಫೌಸ್ತೋ ಕಕ್ಕಾಬಿಕ್ಕಿಯಾದ. ಅವನು ತಂದು ನಿಲ್ಲಿಸಿದ್ದು ಕಾರನ್ನು.

"ನಾನು ಗ್ಯಾರೇಜಿಗೆ ಬಂದಿದ್ದು ಮಾರಾಯ್ತಿ, ಆಸ್ಪತ್ರೆಗಲ್ಲ."

"ಟ್ರ್ಯಾಕ್ ಮೇಲೆ ಕಾರೊಂದೇ ಓಡಲ್ಲ. ಒಳಗೆ ಕೂತೋನೂ ಓಡ್ತಾನೆ. ಎಷ್ಟಿದ್ದೀಯ?"

"ಎಂಬತ್ತೆಂಟು."

ಒರ್ನೆಲಾ ಅವನನ್ನು ಬೂಟಿನಿಂದ ಕೂದಲಿನವರೆಗೆ ನೋಡಿದಳು. ಆಮೇಲೆ ಕೂದಲಿನಿಂದ ಬೂಟಿನವರೆಗೆ, ಇನ್ನೂ ನಿಧಾನವಾಗಿ.

"ನಾನು ಕೇಳಿದ್ದು ಈಗಿನ ತೂಕ. ಹೈಸ್ಕೂಲಲ್ಲಿದ್ದಾಗಿನದ್ದಲ್ಲ."

ಮೂಲೆಯ ಕುರ್ಚಿಯಲ್ಲಿ ಬುರುಡೆಯಿಂದ ಮಾಟೆ ಎಲೆಯ ಬಿಸಿ ಕಷಾಯ ಹೀರುತ್ತ ಕೂತಿದ್ದ ಅವಳ ಅಪ್ಪ ದೋನ್ ಪ್ರೀಮೊಗೆ ನಗು ಬಂದು ಬಿಸಿನೀರು ನೆತ್ತಿಗೇರಿತು. ಫೌಸ್ತೋ ಉಸಿರು ಬಿಗಿಹಿಡಿದು ಹತ್ತಿದ, ಉಸಿರಿಗೇ ತೂಕವಿದ್ದಂತೆ. ಮುಳ್ಳು ತೊಂಬತ್ತೇಳಕ್ಕೆ ನಿಂತಿತು.

"ಬೂಟು ಹಾಕ್ಕೊಂಡಿದ್ದೀನಲ್ಲ," ಎಂದ.

"ಬೂಟು ಒಂಬತ್ತು ಕೆಜಿ ಇದ್ರೆ ಅದನ್ನ ಟ್ರ್ಯಾಕ್‌ಗೆ ಹಾಕ್ಕೊಂಡು ಬರಬೇಡ."

ಅವನ ಕಿವಿ ಕೆಂಪಾಯಿತು. ಬೇಕರಿಯವನ ಬಿಳಿ ಮುಖಕ್ಕೆ ಆ ಕೆಂಪು ಚೆನ್ನಾಗಿ ಒಪ್ಪುತ್ತದೆ ಎಂದು ಒರ್ನೆಲಾಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಊರಿಗೆಲ್ಲ ಅವನು 'ಡುಮ್ಮ'. ಅದರಲ್ಲಿ ಯಾರೂ ಅವಮಾನ ಕಾಣುತ್ತಿರಲಿಲ್ಲ, ಅವನೂ ಕಾಣುತ್ತಿರಲಿಲ್ಲ. ಬ್ರೆಡ್ಡಿನ ಚೀಟಿಯ ಮೇಲೆ ತಾನೇ 'ಡುಮ್ಮ' ಎಂದು ಸಹಿ ಹಾಕುತ್ತಿದ್ದ. ಹನ್ನೊಂದು ವರ್ಷದಿಂದ ಇದೇ ಹಳೇ ರೆನೋ ವ್ಯಾಗನ್ನಿನಲ್ಲಿ ಮನೆಮನೆಗೂ ಬ್ರೆಡ್ಡು ಹಾಕುತ್ತಿದ್ದವನಿಗೆ ಮೂವತ್ತನಾಲ್ಕನೇ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಅವಳು ಕೇಳಿಯೇಬಿಟ್ಟಳು.

"ಹನ್ನೊಂದು ವರ್ಷ ಬ್ರೆಡ್ಡು ಅಪ್ಪಚ್ಚಿ ಆಗಬಾರದು ಅಂತ ಮೆಲ್ಲಗೆ ಓಡಿಸಿದೀನಿ. ಟ್ರ್ಯಾಕಲ್ಲಿ ಯಾರು ಬೇಕಾದ್ರೂ ಕಾರು ಓಡಿಸೋ ಭಾನುವಾರ ಬರ್ತಿದೆಯಲ್ಲ, ಆ ಒಂದೇ ಒಂದು ದಿನ ಖಾಲಿ ಕಾರನ್ನ ಜೋರಾಗಿ ಓಡಿಸಬೇಕು. ಅಷ್ಟೆ."

"ತೂಲಿಯೋ ಹತ್ರ ಯಾಕೆ ಹೋಗಲಿಲ್ಲ?"

"ಹೋಗಿದ್ರೆ ನಗ್ತಿದ್ದ. ನೀನೂ ನಗ್ತೀಯ ಅಂತ ಗೊತ್ತಿತ್ತು. ಆದ್ರೆ ನೀನು ನಕ್ಕರೆ..." ಎಂದವನು ಮಾತನ್ನು ಅಲ್ಲೇ ಬಿಟ್ಟು ಕಾರಿನ ಬಾನೆಟ್ಟು ಎತ್ತಲು ಹೋದ. ಅದು ಎತ್ತಲು ಬರಲಿಲ್ಲ, ಯಾಕೆಂದರೆ ಅವಳಾಗಲೇ ಎತ್ತಿಟ್ಟಿದ್ದಳು.

ತೂಲಿಯೋನ ಹೆಸರು ತೆಗೆದದ್ದಕ್ಕೆ ಕಾರಣವಿತ್ತು. ಒಂದು ಕಾಲದಲ್ಲಿ ಸಾಂತಾ ಫೇ ಪ್ರಾಂತ್ಯದ ಯಾವ ಟ್ರ್ಯಾಕಿಗೆ ಹೋದರೂ ದೋನ್ ಪ್ರೀಮೊ ಸಿದ್ಧಮಾಡಿದ ಕಾರೊಂದು ಇರುತ್ತಿತ್ತು. ಕಾರನ್ನು ಸಿದ್ಧಮಾಡಿದವರ ಹೆಸರನ್ನು ಹಿಂಬದಿಯ ಚಕ್ರದ ಮೇಲ್ಗಡೆ ಪುಟ್ಟ ಅಕ್ಷರದಲ್ಲಿ ಬರೆಯುವುದು ಅಲ್ಲಿಯ ವಾಡಿಕೆ. 'ಪ್ರೀಮೊ ಬರ್ತೋಲಿನಿ' ಎಂದು ಬರೆಸಿಕೊಂಡ ಕಾರಿಗೆ ಜನ ದಾರಿ ಬಿಡುತ್ತಿದ್ದರು. ಅವರ ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಗಿರಾಕಿಗಳೆಲ್ಲ ಚೌಕದ ಆಚೆಯ ತೂಲಿಯೋನ ಗ್ಯಾರೇಜಿಗೆ ಹೋದರು. ಮಗಳಿಗೆ ಉಳಿದದ್ದು ಪಂಕ್ಚರ್ ಮತ್ತು ಆಯಿಲ್ ಬದಲಾವಣೆ. ಅವಳ ಹೆಸರು ಇನ್ನೂ ಯಾವ ಕಾರಿನ ಮೇಲೂ ಬಂದಿರಲಿಲ್ಲ.

ಈ ಬ್ರೆಡ್ಡಿನ ಕಾರು ಮೊದಲನೆಯದು. ಅದು ನೆಟ್ಟಗೆ ಓಡಿದರೆ ಬೇರೆಯವರೂ ಬರುತ್ತಾರೆ. ಎತ್ತಿನಗಾಡಿಯ ಹಾಗೆ ಓಡಿದರೆ 'ಒರ್ನೆಲಾ ಬರ್ತೋಲಿನಿ' ಎಂಬುದನ್ನು ಎಲ್ಲರೂ ಓದಿಕೊಂಡು ನಗುತ್ತಾರೆ, ಅಲ್ಲಿಗೆ ಮುಗಿಯಿತು.

ಊಟ ಮಾಡಿ ಊರೆಲ್ಲ ಮಲಗುವ ಮಧ್ಯಾಹ್ನದ ಹೊತ್ತಿಗೆ ಅವರ ಕೆಲಸ. ಬೇಕರಿ ಒಂದಕ್ಕೆ ಮುಚ್ಚಿದರೆ ನಾಲ್ಕೂವರೆಯವರೆಗೆ ಬಾಗಿಲು ತೆಗೆಯುತ್ತಿರಲಿಲ್ಲ. ಫೌಸ್ತೋ ದಿನವೂ ಒಂದು ಪೊಟ್ಟಣ ಬಿಸಿ ಮೆದಿಯಾಲೂನ ಹಿಡಿದು ಬರುತ್ತಿದ್ದ. ಬೆಣ್ಣೆ ಜಿನುಗುವ ಆ ಬಾಗಿದ ಬನ್ನನ್ನು ಮೊದಲ ದಿನ ಒರ್ನೆಲಾ ಮುಟ್ಟಲಿಲ್ಲ, ಎರಡನೇ ದಿನ ಒಂದು ತಿಂದಳು, ನಾಲ್ಕನೇ ದಿನ ಅವನು ಐದು ನಿಮಿಷ ತಡವಾದಾಗ ಬಾಗಿಲಿಗೆ ಎರಡು ಸಲ ಹೋಗಿ ಬಂದಳು.

"ಹಸಿವಾ?" ಎಂದು ಅಪ್ಪ ಕೇಳಿದರು.

"ಹೂಂ, ಹಸಿವು."

ಕಾರಿನೊಳಗಿದ್ದ ಬ್ರೆಡ್ಡಿನ ಹಲಗೆ, ಹಿಂದಿನ ಸೀಟು, ಕಾರ್ಪೆಟ್ಟು ಎಲ್ಲ ಹೊರಗೆ ಬಂದವು. ಕಾರ್ಪೆಟ್ಟಿನಡಿ ಮೈದಾ, ಬಾಗಿಲ ಸಂದಿಯಲ್ಲಿ ಮೈದಾ. ಇಷ್ಟರಲ್ಲಿ ಒಂದು ಮದುವೆಗೆ ಆಗುವಷ್ಟು ಕೇಕು ಮಾಡಬಹುದು ಎಂದಳು. "ಯಾರ ಮದುವೆಗೆ?" ಎಂದು ಅವನು ಕೇಳಿದ. ಅವಳು ಕಾರಿನಡಿ ನುಸುಳಿಕೊಂಡಳು. ಬ್ರೇಕಿನ ಎಣ್ಣೆ ಬದಲಾಯಿತು, ಬ್ಯಾಟರಿಗೆ ಗಟ್ಟಿ ಪಟ್ಟಿ ಬಂತು, ಹೆಡ್‌ಲೈಟಿಗೆ ಟೇಪು ಅಂಟಿತು. ದೃಷ್ಟಿ ತಾಗದಿರಲಿ ಎಂದು ಅವನ ತಾಯಿ ಕನ್ನಡಿಗೆ ಕಟ್ಟಿದ್ದ ಕೆಂಪು ರಿಬ್ಬನ್ನನ್ನು ಮಾತ್ರ ಬಿಚ್ಚಲು ಅವನು ಬಿಡಲಿಲ್ಲ.

ಕೊನೆಗೆ ಬಂತು ತೂಕದ ಕೆಲಸ. ನಾಲ್ಕು ಚಕ್ರಗಳಡಿ ನಾಲ್ಕು ತೂಕದ ಮಷೀನ್ ಇಟ್ಟು, ಪ್ರತಿ ಸ್ಪ್ರಿಂಗಿನ ಕೆಳಗಿನ ಬಳೆಯನ್ನು ತಿರುಗಿಸಿ ತಿರುಗಿಸಿ, ಭಾರ ಸರಿಯಾಗಿ ಹಂಚಿಹೋಗುವ ಹಾಗೆ ಮಾಡಬೇಕು. ಆ ಬಳೆಗಳನ್ನು ಒರ್ನೆಲಾ ತಾನೇ ಲೇತಿನಲ್ಲಿ ಕಡೆದಿದ್ದಳು. ಮಷೀನುಗಳು ಮಾತ್ರ ಎರವಲು: ಒಂದು ಬೇಕರಿಯದು, ಒಂದು ಆಲೂಗಡ್ಡೆ ಮಂಡಿಯದು, ಒಂದು ಹಾಲಿನ ಸೊಸೈಟಿಯದು, ಒಂದು ಮಾಂಸದಂಗಡಿಯದು. ಒಂದೇ ಮೈದಾ ಮೂಟೆಯನ್ನು ನಾಲ್ಕರ ಮೇಲೂ ಇಟ್ಟು ನೋಡಿದಾಗ ಮಾಂಸದಂಗಡಿಯದು ಎರಡು ಕೆಜಿ ಜಾಸ್ತಿ ತೋರಿಸಿತು. ಊರಿಗೆ ಬಹಳ ದಿನದಿಂದ ಇದ್ದ ಅನುಮಾನ ಅಂದು ಬಗೆಹರಿಯಿತು.

ಫೌಸ್ತೋ ಎಡಗಡೆಯ ಚಾಲಕನ ಸೀಟಿನಲ್ಲಿ ಅಲ್ಲಾಡದೆ ಕೂರಬೇಕು. ದೋನ್ ಪ್ರೀಮೊ ಭೂತಗನ್ನಡಿ ಹಿಡಿದು ಒಂದೊಂದೇ ಮುಳ್ಳಿಗೆ ಮೂಗು ತಾಗಿಸಿ ಅಂಕಿ ಕೂಗಬೇಕು. ಒರ್ನೆಲಾ ಬರೆದುಕೊಳ್ಳಬೇಕು. ಹೊರಗೆ ಜುಲೈನ ಚಳಿ, ಆ ಸೀಮೆಗೆ ಅದೇ ಚಳಿಗಾಲ. ಕಾರಿನೊಳಗೆ ಬಿಸಿ ಬನ್ನಿನ ವಾಸನೆ. ಅವಳು ನೋಟ್‌ಬುಕ್ ಹಿಡಿದು ಪಕ್ಕದ ಸೀಟಿನಲ್ಲಿ ಕೂತಳು.

"ಕೈ ಸ್ಟೀರಿಂಗ್ ಮೇಲಿರಲಿ. ಪೊಟ್ಟಣಕ್ಕೆ ಹೋಗಬಾರದು."

"ಹಾಗಾದ್ರೆ ನೀನೇ ತಿನ್ನಿಸು."

ಅವಳು ಇಡೀ ಮೆದಿಯಾಲೂನವನ್ನು ಅವನ ಬಾಯಿಗೆ ತುರುಕಿದಳು. ಅವನ ತುಟಿಯ ಸಕ್ಕರೆ ಅವಳ ಬೆರಳಿಗೆ ಅಂಟಿತು. ಒರೆಸಿಕೊಳ್ಳಲು ಬಟ್ಟೆ ಎಲ್ಲಿದೆ ಎಂದು ಅವಳು ಹುಡುಕಲಿಲ್ಲ. ಬೆರಳನ್ನು ಬಾಯಿಗಿಟ್ಟುಕೊಂಡು ಕಿಟಕಿಯಾಚೆ ನೋಡಿದಳು.

"ಎಡಗಡೆ ಮುಂದೆ ಐವತ್ತು ಗ್ರಾಂ ಜಾಸ್ತಿ ಆಯ್ತು!" ಎಂದು ಹೊರಗಿನಿಂದ ಅಪ್ಪ ಕೂಗಿದರು.

ಇಳಿದು ಬಳೆ ತಿರುಗಿಸುವುದು, ಮತ್ತೆ ಬಂದು ಪಕ್ಕ ಕೂರುವುದು. ಹೀಗೆ ವಾರವೆಲ್ಲ ನಡೆಯಿತು. ಊರ ಹೊರಗಿನ ರಸ್ತೆಯಲ್ಲಿ ಓಡಿಸಿ ನೋಡುವಾಗಲೂ ಅವಳು ಪಕ್ಕದಲ್ಲೇ ಇದ್ದಳು. ಕಾರು ಹೇಳಿದ ಕಡೆ ತಿರುಗಿತು. ಭಾನುವಾರದ ಮುನ್ನಾದಿನ ದೋನ್ ಪ್ರೀಮೊ ಭೂತಗನ್ನಡಿ ಹಿಡಿದು ಹಿಂದಿನ ಚಕ್ರದ ಮೇಲ್ಗಡೆ ಮಗಳ ಹೆಸರು ಬರೆದರು. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಒರ್ನೆಲಾ ಅದನ್ನು ಅಳಿಸಲು ಬಿಡಲಿಲ್ಲ.

ಟ್ರ್ಯಾಕಿನಲ್ಲಿ ತಪಾಸಣೆಗೆ ನಿಂತಿದ್ದವರು ದೋನ್ಯಾ ಎರ್ಮಿನಿಯಾ. ರಟ್ಟಿನ ಹಲಗೆ ಹಿಡಿದು ಬರುವ ಆ ಹೆಂಗಸಿಗೆ ಹೆದರದ ಗಂಡಸು ಆ ಸೀಮೆಯಲ್ಲಿರಲಿಲ್ಲ. ಕನ್ನಡಿಯ ರಿಬ್ಬನ್ ನೋಡಿದ್ದೇ, "ಏನೂ ನೇತಾಡಬಾರದು," ಎಂದರು. ಫೌಸ್ತೋ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಮೊದಲ ಸುತ್ತಿನಲ್ಲಿ, ಮೊದಲ ತಿರುವಿನಲ್ಲಿ, ಅವನು ಜೋರಾಗಿ ಬ್ರೇಕ್ ಒತ್ತಿದ. ಗಾಳಿ ಬರುವ ಕಿಂಡಿಗಳಿಂದ ಬಿಳಿ ಮೋಡವೊಂದು ಎದ್ದು ಕಾರಿನೊಳಗೆಲ್ಲ ತುಂಬಿತು. ಹೊಗೆ ಎಂದುಕೊಂಡು ಬಾವುಟ ಬೀಸಿದರು, ಬೆಂಕಿ ನಂದಿಸುವವರು ಓಡಿದರು.

"ಮೈದಾ! ಬರೀ ಮೈದಾ!" ಎಂದು ರೆಪ್ಪೆಯವರೆಗೂ ಬೆಳ್ಳಗಾಗಿದ್ದ ಫೌಸ್ತೋ ಕಿಟಕಿಯಿಂದ ಕೂಗಿದ.

ಜನ ನಗುತ್ತಿರುವುದು ಮೈದಾ ನೋಡಿ, ಕಾರು ನೋಡಿ ಅಲ್ಲ, ಇನ್ನೂ ಅಪಾಯವಿಲ್ಲ ಎಂದೇ ಒರ್ನೆಲಾ ಅಂದುಕೊಂಡಿದ್ದಳು. ಆದರೆ ಮತ್ತೆ ಹೊರಟ ಕಾರು ಎಡಕ್ಕೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು, ಬಲಕ್ಕೆ ಮಾತ್ರ ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ. ಪ್ರತಿ ಬಲ ತಿರುವಿನಲ್ಲೂ ಮೂಗು ಹುಲ್ಲಿನ ಕಡೆಗೆ ಹೋಗುತ್ತಿತ್ತು. ಎರಡು ಸಲ ಹುಲ್ಲಿಗೇ ಇಳಿಯಿತು.

ಹಿಂದಿರುಗಿದ ಫೌಸ್ತೋನ ಸುತ್ತ ಹತ್ತು ಜನ ಸೇರಿದರು. ತೂಲಿಯೋ ಎಲ್ಲರಿಗಿಂತ ಮುಂದೆ ಬಂದ.

"ಕಾರಿಗೇನೂ ಆಗಿಲ್ಲ ಬಿಡು ಒರ್ನೆಲಾ," ಎಂದ, ಉದಾರವಾಗಿ. "ಹಿಟ್ಟು ಕಲಸೋ ಕೈಗೆ ಸ್ಟೀರಿಂಗ್ ಕೊಟ್ರೆ ಇನ್ನೇನಾಗುತ್ತೆ?"

"ಹೌದು, ತಪ್ಪು ನನ್ನದೇ," ಎಂದ ಫೌಸ್ತೋ ಥಟ್ಟನೆ. ಅವಳ ಹೆಸರು ಬರೆದ ಜಾಗಕ್ಕೆ ಬೆನ್ನು ಕೊಟ್ಟು, ಅದು ಯಾರಿಗೂ ಕಾಣದ ಹಾಗೆ ನಿಂತಿದ್ದ. "ನಾನು ದಡ್ಡ ಕಣ್ರಪ್ಪ. ಕಾರು ಬಂಗಾರ."

ಒರ್ನೆಲಾ ನೋಟ್‌ಬುಕ್ ತೆಗೆದಳು. ಪುಟಪುಟದಲ್ಲೂ ಮೇಲ್ಗಡೆ ಅವಳದೇ ಅಕ್ಷರ: ಫೌಸ್ತೋ 97, ನಾನು 54. ಫೌಸ್ತೋ 97, ನಾನು 54. ಟ್ರ್ಯಾಕ್ ಮೇಲೆ ಯಾರು ಇರುತ್ತಾರೋ ಅವರನ್ನು ಮಾತ್ರ ಕೂರಿಸಿ ತೂಗಬೇಕು. ಇದು ಅವಳು ಹನ್ನೆರಡನೇ ವಯಸ್ಸಿಗೆ ಕಲಿತ ಪಾಠ. ಅವಳೋ ಕಾರನ್ನು ಇಬ್ಬರಿಗೆ ಅಂತ ಸಿದ್ಧಮಾಡಿದ್ದಳು, ಬಲಗಡೆಯ ಆ ಐವತ್ತನಾಲ್ಕು ಕೆಜಿ ಈಗ ಅದರಲ್ಲಿರಲಿಲ್ಲ.

ಯಾರಿಗೂ ಹೇಳದೆ ಸರಿಮಾಡಲು ಒಂದೇ ದಾರಿ ಹೊಳೆಯಿತು. ಟ್ರ್ಯಾಕಿನ ಪಕ್ಕ ಬಂದವರ ಊಟಕ್ಕೆ ಮಾಂಸ ಸುಡುತ್ತಿದ್ದ ಒಲೆಯ ಹತ್ತಿರ ಹೋಗಿ ಇದ್ದಿಲು, ಆಲೂಗಡ್ಡೆ ಚೀಲಗಳನ್ನು ಹೊತ್ತು ತಂದು ಪಕ್ಕದ ಸೀಟಿಗೆ ಬೆಲ್ಟು ಹಾಕಿ ಕಟ್ಟತೊಡಗಿದಳು.

"ಏನಿದು?" ದೋನ್ಯಾ ಎರ್ಮಿನಿಯಾ ಬಂದು ನಿಂತಿದ್ದರು.

"ಐವತ್ತನಾಲ್ಕು ಕೆಜಿ ಬೇಕು ದೋನ್ಯಾ. ಇಷ್ಟಕ್ಕೆ ಸರಿಹೋಗುತ್ತೆ."

"ಪಕ್ಕದಲ್ಲಿ ಕೂರೋರಿಗೆ ಹೆಲ್ಮೆಟ್ ಇರಬೇಕು. ಆಲೂಗಡ್ಡೆಗೆ ಹೆಲ್ಮೆಟ್ ಎಲ್ಲಿ?" ಅವರು ಕನ್ನಡಕದ ಮೇಲಿಂದ ನೋಡಿದರು. "ಅದಿರಲಿ, ಸರಿಯಾಗಿ ಐವತ್ತನಾಲ್ಕೇ ಯಾಕೆ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಸುಮ್ಮನಿದ್ದರೆ ಸಾಕಿತ್ತು. ತೂಲಿಯೋ ತಪ್ಪನ್ನು ಬೇಕರಿಯವನ ತಲೆಗೆ ಕಟ್ಟಿದ್ದ, ಬೇಕರಿಯವನು ಖುಷಿಯಿಂದ ಹೊತ್ತುಕೊಂಡಿದ್ದ. ಒರ್ನೆಲಾ ಆ ಮೈದಾ ಮೆತ್ತಿದ ಮುಖವನ್ನು ನೋಡಿದಳು. ಹನ್ನೊಂದು ವರ್ಷಕ್ಕೊಂದು ದಿನ ಕೇಳಿದ್ದ. ಆ ದಿನವನ್ನೂ ತನಗಾಗಿ ಬಿಟ್ಟುಕೊಟ್ಟು ನಿಂತಿದ್ದಾನೆ.

"ಯಾಕಂದ್ರೆ ಅದು ನನ್ನ ತೂಕ," ಎಂದಳು ಗಟ್ಟಿಯಾಗಿ. "ತಪ್ಪು ಇವನ ಕೈಯದ್ದಲ್ಲ, ನನ್ನದು. ಕಾರು ತೂಗುವಾಗೆಲ್ಲ ನಾನು ಇವನ ಪಕ್ಕ ಕೂತಿದ್ದೆ."

"ಹೊರಗೆ ನಿಂತು ಬರ್ಕೊಳ್ಳೋಕಾಗ್ತಿರಲಿಲ್ವಾ?" ತೂಲಿಯೋಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಯಾಕೆ ಕೂತೆ?"

"ಕೂರಬೇಕು ಅನ್ನಿಸ್ತು, ಕೂತೆ!"

ಫೌಸ್ತೋನ ಕಿವಿ ಮೈದಾದೊಳಗಿಂದಲೇ ಕೆಂಪಾಗಿ ಕಾಣತೊಡಗಿತು.

"ನನಗೆ ಮೊದಲ ದಿನವೇ ಗೊತ್ತಿತ್ತು," ಎಂದರು ದೋನ್ ಪ್ರೀಮೊ, ಮಾಟೆಯ ಬುರುಡೆಗೆ ನೀರು ಹೊಯ್ಯುತ್ತ.

"ಗೊತ್ತಿದ್ದೂ ಹೇಳಲಿಲ್ವಾ ಅಪ್ಪಾ?"

"ಹೇಳಿದ್ರೆ ನೀನು ಎದ್ದು ಹೊರಗೆ ಬರ್ತಿದ್ದೆ. ಕಾರನ್ನ ಆಮೇಲೆ ಬೇಕಾದ್ರೂ ಸರಿ ಮಾಡಬಹುದಿತ್ತು."

ದೋನ್ಯಾ ಎರ್ಮಿನಿಯಾ ತಮ್ಮ ಕೋಣೆಗೆ ಹೋಗಿ ಒಂದು ಹೆಲ್ಮೆಟ್ ತಂದರು. ಒರ್ನೆಲಾಳ ಕೈಗಿಟ್ಟು, "ಆಲೂಗಡ್ಡೆ ಕೆಳಗಿಳಿಸು. ಮುಂದಿನ ಸರದಿಗೆ ಹತ್ತು ನಿಮಿಷ ಇದೆ," ಎಂದರು.

ಜೋರಾಗಿ ಓಡುವ ಕಾರಿನ ಪಕ್ಕದ ಸೀಟು ಒರ್ನೆಲಾಗೆ ಜೀವಮಾನದಲ್ಲಿ ಒಗ್ಗಿದ್ದಿಲ್ಲ. ವೇಗ ಹೆಚ್ಚಿದರೆ ಕಾಲು ತಾನಾಗಿ ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಮೊದಲ ತಿರುವಿನಲ್ಲಿ ಕಣ್ಣು ಮುಚ್ಚಿದಳು. ಎರಡನೆಯದರಲ್ಲಿ ಒಂದು ಕಣ್ಣು ತೆರೆದಳು. ಆಮೇಲೆ ಬಂದದ್ದು ಆ ಹಾಳು ಬಲ ತಿರುವು. ಫೌಸ್ತೋ ಸ್ಟೀರಿಂಗ್ ತಿರುಗಿಸಿದ, ಕಾರು ಮಗುವಿನ ಹಾಗೆ ಮಾತು ಕೇಳಿತು. ಅವಳು "ಹೋ!" ಎಂದು ಕಿರುಚಿದಳು. ಅವನೂ ಕಿರುಚಿದ. ಉಳಿದಿದ್ದ ಮೈದಾ ಇಬ್ಬರ ಮೇಲೂ ಉದುರಿತು. ಖಾಲಿ ಕಾರನ್ನು ಓಡಿಸಬೇಕು ಎಂದಿದ್ದವನು ತುಂಬಿದ ಕಾರನ್ನು ಓಡಿಸಿ, ಇಪ್ಪತ್ತು ಸುತ್ತು ಮುಗಿಸಿ, ಇಳಿಯಲು ಮನಸ್ಸಿಲ್ಲದೆ ಇಳಿದ.

ತೂಲಿಯೋ ಬಗ್ಗಿ ಆ ಸೊಟ್ಟ ಅಕ್ಷರಗಳನ್ನು ಓದುತ್ತಿದ್ದ. ನಗುತ್ತಿರಲಿಲ್ಲ.

"ಪ್ರೀಮೊ ಆಗಿದ್ರೆ ತಪ್ಪನ್ನ ಡ್ರೈವರ್ ಮೇಲೆ ಹಾಕಿ ಮನೆಗೆ ಹೋಗ್ತಿದ್ದ," ಎಂದ.

"ಹಾಕ್ತಿದ್ದೆ. ಹಾಕಿದ್ದೀನಿ ಕೂಡ," ಎಂದರು ದೋನ್ ಪ್ರೀಮೊ.

ಕೆಂಪು ಕಾರಿನ ಯಜಮಾನನೊಬ್ಬ ಹಿಂಜರಿಯುತ್ತ ಹತ್ತಿರ ಬಂದ. "ನನ್ನ ಕಾರನ್ನೂ ಹಾಗೆ ತೂಗಿ ಕೊಡ್ತೀಯೇನಮ್ಮಾ?"

"ಕೊಡ್ತೀನಿ," ಎಂದಳು ಒರ್ನೆಲಾ. "ಆದ್ರೆ ಪಕ್ಕದಲ್ಲಿ ಕೂರಲ್ಲ."

ಸಂಜೆಯ ಕೊನೆಯ ಸರದಿಗೆ ಇನ್ನೂ ಒಂದು ಗಂಟೆ ಇತ್ತು. ಅಷ್ಟರೊಳಗೆ ಬಳೆಗಳನ್ನು ಅವನೊಬ್ಬನ ತೂಕಕ್ಕೆ ತಿರುಗಿಸಿಬಿಡೋಣ ಎಂದು ಅವಳು ಸ್ಪ್ಯಾನರ್ ಹಿಡಿದು ಕಾರಿನಡಿ ಮಲಗಿದಳು. ಫೌಸ್ತೋ ಚಕ್ರದ ಪಕ್ಕ ಬಂದು ನೆಲದ ಮೇಲೆ ಕೂತ. ಜೇಬಿನಿಂದ ಕೆಂಪು ರಿಬ್ಬನ್ ತೆಗೆದು, ಹೊರಗೆ ಚಾಚಿದ್ದ ಅವಳ ಬೂಟಿನ ಲಾಡಿಗೆ ನಿಧಾನವಾಗಿ ಕಟ್ಟಿದ.

"ಏನ್ ಮಾಡ್ತಿದ್ದೀಯ?"

"ದೃಷ್ಟಿ ತಾಗಬಾರದಲ್ಲ. ಒರ್ನೆಲಾ, ಆ ಬಳೆ ಮುಟ್ಟಬೇಡ. ಹಾಗೇ ಇರಲಿ."

"ಹಾಗೇ ಬಿಟ್ರೆ ನೀನೊಬ್ಬನೇ ಓಡಿಸುವಾಗ ಬಲಕ್ಕೆ ತಿರುಗಲ್ಲ ಕಣೋ."

"ಒಬ್ಬನೇ ಓಡಿಸೋ ಯೋಚನೆ ನನಗಿಲ್ಲ."

ಸ್ಪ್ಯಾನರ್ ಕಾರಿನಡಿಯಿಂದ ನೆಲದ ಮೇಲೆ ಜಾರಿಕೊಂಡು ಹೊರಗೆ ಬಂತು. ಅದರ ಹಿಂದೆ ಎಣ್ಣೆ ಮೆತ್ತಿದ ಒಂದು ಕೈ ಬಂತು. ಅವನು ಅದನ್ನು ಹಿಡಿದುಕೊಂಡ.

"ಹಾಗಾದ್ರೆ ನಾಳೆಯಿಂದ ಮೆದಿಯಾಲೂನ ತರಬೇಡ," ಎಂದಿತು ಒಳಗಿನ ದನಿ. "ನಾನು ಐವತ್ತನಾಲ್ಕರಲ್ಲೇ ಇರಬೇಕಲ್ಲ."

"ಒಂದೇ ಒಂದು ತಂದ್ರೆ?"

ಅವಳ ಇನ್ನೊಂದು ಕೈ ಸ್ಪ್ಯಾನರಿಗಾಗಿ ನೆಲ ತಡಕಿತು.

"ಒಂದು ತಾ," ಎಂದಳು. "ಬಳೆ ಅರ್ಧ ಸುತ್ತು ತಿರುಗಿಸ್ಕೊಂಡ್ರಾಯ್ತು."